ಲಂಡನ್–ನ್ಯೂಯಾರ್ಕ್ ಬಿಸಿನೆಸ್ ಕ್ಲಾಸ್ ಕೈಗೆಟುಕುವ ಬೆಲೆಗೆ ಬೇಕಾದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಬೆನ್ನುನೋವಿದೆ, ರಾತ್ರಿಯಿಡೀ ಕೂತು ಬರಲು ಆಗುವುದಿಲ್ಲ, ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಿಬರಬೇಕು, ದಿನಾಂಕ ಎರಡು ವಾರ ಆಚೀಚೆ ಆದರೂ ಪರವಾಗಿಲ್ಲ, ಬಿಸಿನೆಸ್ ಕ್ಲಾಸ್ ಕಡಿಮೆಗೆ ಸಿಗುವ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. ಎರಡು ವಾರ ಆಚೀಚೆ ಮಾಡಬಹುದು ಎಂದಿರಲ್ಲ, ನಿಮ್ಮ ಕೈಲಿರುವ ದೊಡ್ಡ ಅನುಕೂಲ ಅದೇ.

ಮೊದಲು ಒಂದು ಮಾತು. ಟಿಕೆಟ್ ಬೆಲೆ ಹೆಚ್ಚಾಗಿ ನಿಂತಿರುವುದು ಪ್ರಯಾಣ ಯಾವ ಊರಿನಿಂದ ಶುರುವಾಗುತ್ತದೆ ಎಂಬುದರ ಮೇಲೆ. ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣದಿಂದ ನೇರವಾಗಿ ಹೋಗುವವರಲ್ಲಿ ಕಂಪನಿ ಖರ್ಚಿನಲ್ಲಿ ಓಡಾಡುವವರು ಬಹಳ, ಅವರು ಬೆಲೆ ನೋಡುವುದಿಲ್ಲ. ಅದೇ ಬ್ರಿಟಿಷ್ ಏರ್‌ವೇಸ್, ಐರ್ಲೆಂಡ್‌ನ ಡಬ್ಲಿನ್ ಅಥವಾ ನಾರ್ವೆಯ ಓಸ್ಲೋದವರನ್ನು ಲಂಡನ್ ಮೂಲಕ ಸುತ್ತಿಸಿ ಕರೆದೊಯ್ಯಬೇಕಾದರೆ ಬೆಲೆ ಇಳಿಸಲೇಬೇಕು, ಇಲ್ಲದಿದ್ದರೆ ಅವರು ಬೇರೆ ವಿಮಾನ ಹತ್ತುತ್ತಾರೆ. ಹಾಗಾಗಿ ಹೀಥ್ರೋದಿಂದ ಹೊರಡುವ ಒಂದೇ ವಿಮಾನದ ಅಕ್ಕಪಕ್ಕದ ಸೀಟುಗಳಿಗೆ ಬೇರೆ ಬೇರೆ ಬೆಲೆ ಇರುತ್ತದೆ.

ತೆರಿಗೆಯ ಲೆಕ್ಕವೂ ಇದರ ಜೊತೆ ಸೇರುತ್ತದೆ. ಬ್ರಿಟನ್‌ನಿಂದ ಹೊರಡುವ ಪ್ರಯಾಣಿಕರ ಮೇಲೆ ಏರ್ ಪ್ಯಾಸೆಂಜರ್ ಡ್ಯೂಟಿ ಬೀಳುತ್ತದೆ. 2026ರ ಏಪ್ರಿಲ್ 1ರಿಂದ ನ್ಯೂಯಾರ್ಕ್ ದೂರಕ್ಕೆ ಅದು ಎಕಾನಮಿಗೆ 102 ಪೌಂಡ್, ಪ್ರೀಮಿಯಂ ಎಕಾನಮಿ (ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ದರ್ಜೆ) ಮತ್ತು ಬಿಸಿನೆಸ್‌ಗೆ 244 ಪೌಂಡ್. ಬೇರೆ ದೇಶದಿಂದ ಒಂದೇ ಟಿಕೆಟ್‌ನಲ್ಲಿ ಬಂದು, 24 ಗಂಟೆಯೊಳಗೆ ಲಂಡನ್‌ನಲ್ಲಿ ವಿಮಾನ ಬದಲಿಸುವವರಿಗೆ ಇದು ಇಲ್ಲ. ಸ್ಕಾಟ್‌ಲೆಂಡ್‌ನ ಇನ್ವರ್ನೆಸ್‌ನಿಂದ ಶುರುವಾಗುವ ಟಿಕೆಟ್‌ಗೂ ಇಲ್ಲ.

ಹುಡುಕುವುದು ಹೀಗೆ. ಗೂಗಲ್ ಫ್ಲೈಟ್ಸ್‌ನಲ್ಲಿ ಹೊರಡುವ ಊರಿನ ಜಾಗದಲ್ಲಿ 7 ವಿಮಾನ ನಿಲ್ದಾಣಗಳವರೆಗೆ ಹಾಕಬಹುದು. ಹೀಥ್ರೋ ಜೊತೆಗೆ ಡಬ್ಲಿನ್, ಓಸ್ಲೋ, ಸ್ಟಾಕ್‌ಹೋಮ್, ಕೋಪನ್‌ಹೇಗನ್, ಮ್ಯಾಡ್ರಿಡ್, ಮಿಲಾನ್ ಹಾಕಿ. ಹೋಗುವ ಊರಿಗೆ ನ್ಯೂಯಾರ್ಕ್‌ಗೆ ಹೋಗುವವರು ಇಳಿಯುವ ಜೆಎಫ್‌ಕೆ, ನ್ಯೂವಾರ್ಕ್ ನಿಲ್ದಾಣಗಳು, ಜೊತೆಗೆ ಬೇರೆ ಊರಾದ ಬಾಸ್ಟನ್, ಮೂರನ್ನೂ ಕೊಡಿ. ಬಿಸಿನೆಸ್, ರಿಟರ್ನ್ ಎಂದು ಆರಿಸಿ ಕ್ಯಾಲೆಂಡರ್ ತೆರೆಯಿರಿ. ಒನ್-ವೇ ನೋಡಬೇಡಿ. ಹಳೆಯ ವಿಮಾನ ಸಂಸ್ಥೆಗಳಲ್ಲಿ ಅಟ್ಲಾಂಟಿಕ್ ದಾಟುವ ಒನ್-ವೇ ಟಿಕೆಟ್ ಎಷ್ಟೋ ಸಲ ರಿಟರ್ನ್‌ಗಿಂತಲೂ ದುಬಾರಿ. ಕಡಿಮೆ ಬೆಲೆಗೆ ಹಾಕುವ ಷರತ್ತುಗಳು ಸಾಮಾನ್ಯವಾಗಿ ಎರಡು: ಇಷ್ಟು ದಿನ ಮೊದಲೇ ಕೊಳ್ಳಬೇಕು, ಅಲ್ಲಿ ಒಂದು ಶನಿವಾರ ರಾತ್ರಿಯಾದರೂ ಕಳೆಯಬೇಕು. ಸೋಮವಾರ ಹೋಗಿ ಗುರುವಾರ ಬರುವ ಟಿಕೆಟ್ ಹುಡುಕಿದರೆ ಆ ಬೆಲೆ ಕಣ್ಣಿಗೇ ಬೀಳುವುದಿಲ್ಲ. ಆಗಸ್ಟ್‌ನಲ್ಲೂ ಕ್ರಿಸ್‌ಮಸ್ ಆಸುಪಾಸಿನಲ್ಲೂ ಕಚೇರಿ ಪ್ರಯಾಣಿಕರು ಇರುವುದಿಲ್ಲವಾದ್ದರಿಂದ, ಎಕಾನಮಿ ಗಗನಕ್ಕೇರಿರುವಾಗಲೇ ಬಿಸಿನೆಸ್ ಕ್ಲಾಸ್ ಇಳಿದಿರುವುದುಂಟು.

ಒಂದು ಸಂಸ್ಥೆಯ ಸೈಟ್ ಬಿಟ್ಟು ಇನ್ನೊಂದರಲ್ಲಿ ನೋಡುವಾಗ ಗುಂಪು ಗೊತ್ತಿರಲಿ. ಬ್ರಿಟಿಷ್ ಏರ್‌ವೇಸ್, ಅಮೆರಿಕನ್, ಐಬೀರಿಯಾ, ಫಿನ್‌ಏರ್, ಏರ್ ಲಿಂಗಸ್ ಅಟ್ಲಾಂಟಿಕ್ ಮೇಲೆ ಜಂಟಿ ವ್ಯವಹಾರ ಮಾಡುತ್ತವೆ. ಡೆಲ್ಟಾ, ವರ್ಜಿನ್ ಅಟ್ಲಾಂಟಿಕ್, ಏರ್ ಫ್ರಾನ್ಸ್, ಕೆಎಲ್‌ಎಂ ಇನ್ನೊಂದು ಗುಂಪು. ಯುನೈಟೆಡ್, ಲುಫ್ತಾನ್ಸಾ, ಏರ್ ಕೆನಡಾ ಮೂರನೆಯದು. ಒಂದೇ ಗುಂಪಿನೊಳಗೆ ಹತ್ತು ಸೈಟ್ ತಿರುವಿದರೂ ಹೆಚ್ಚು ವ್ಯತ್ಯಾಸ ಸಿಗದು. ನಿಜವಾದ ಪೈಪೋಟಿ ಇರುವುದು ಹೊರಗಿನವರಿಂದ: ಜೆಟ್‌ಬ್ಲೂದ ಬಿಸಿನೆಸ್ ದರ್ಜೆಯಾದ ಮಿಂಟ್ ಕ್ಯಾಬಿನ್, ಲಿಸ್ಬನ್ ಮೂಲಕ ಹಾರುವ ಪೋರ್ಚುಗಲ್‌ನ ಟ್ಯಾಪ್, ಪ್ಯಾರಿಸ್ ಓರ್ಲಿಯಿಂದ ನ್ಯೂವಾರ್ಕ್‌ಗೆ ಹಾರುವ, ಬರೀ 76 ಬಿಸಿನೆಸ್ ಸೀಟುಗಳ ಲಾ ಕಂಪನಿ, ಮಿಲಾನ್‌ನಿಂದ ಜೆಎಫ್‌ಕೆಗೆ ಎಮಿರೇಟ್ಸ್, ಫ್ರಾಂಕ್‌ಫರ್ಟ್‌ನಿಂದ ಜೆಎಫ್‌ಕೆಗೆ ಸಿಂಗಾಪುರ್ ಏರ್‌ಲೈನ್ಸ್. ಐಸ್‌ಲ್ಯಾಂಡ್‌ಏರ್ ಬೆಲೆ ಆಸೆ ಹುಟ್ಟಿಸುತ್ತದೆ, ಆದರೆ ಅದರ ಬಿಸಿನೆಸ್ ದರ್ಜೆಯಾದ ಸಾಗಾ ಪ್ರೀಮಿಯಂನ ಸೀಟು ಒರಗುತ್ತದೆಯೇ ಹೊರತು ಮಲಗಲು ಚಪ್ಪಟೆಯಾಗುವುದಿಲ್ಲ. ನಿಮ್ಮ ಬೆನ್ನಿಗೆ ಅದು ಬೇಡ.

ಡಬ್ಲಿನ್‌ನಿಂದ ಶುರುವಾಗುವ ಟಿಕೆಟ್ ಕೊಂಡರೆ ಡಬ್ಲಿನ್‌ಗೆ ಹೋಗಲೇಬೇಕು. ಜನ ಹೆಚ್ಚಾಗಿ ಎಡವುವುದು ಇಲ್ಲೇ. "ನಾನು ಹೇಗೂ ಲಂಡನ್‌ನಲ್ಲಿದ್ದೇನೆ, ಅಲ್ಲೇ ಹತ್ತುತ್ತೇನೆ" ಎಂದು ಡಬ್ಲಿನ್‌ನಿಂದ ಲಂಡನ್‌ಗೆ ಬರುವ ಮೊದಲ ಹಂತ ಬಿಟ್ಟರೆ, ಬರಲಿಲ್ಲವೆಂದು ಗುರುತು ಹಾಕಿ ವಾಪಸಾತಿ ಸೇರಿದಂತೆ ಇಡೀ ಟಿಕೆಟ್ ರದ್ದು ಮಾಡುತ್ತಾರೆ. ಡಬ್ಲಿನ್‌ಗೆ ಹೋಗುವ ಟಿಕೆಟ್ ಬೇರೆಯದಾಗಿರುವುದರಿಂದ, ಆ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಯಾರೂ ಹೊಣೆಯಲ್ಲ. ಹಿಂದಿನ ದಿನವೇ ಹೋಗಿ ರಾತ್ರಿ ಉಳಿಯಿರಿ. ಹೋಟೆಲ್ ಮತ್ತು ಆ ಸಣ್ಣ ಟಿಕೆಟ್‌ನ ಖರ್ಚು ಕಳೆದ ಮೇಲೂ 400 ಪೌಂಡ್ ಉಳಿಯದಿದ್ದರೆ ಈ ಸುತ್ತು ಬೇಡ ಎಂಬುದು ನನ್ನ ಅಭಿಪ್ರಾಯ. ನೋವಿರುವ ಬೆನ್ನಿಗೆ ಪ್ರತಿ ಹೆಚ್ಚುವರಿ ವಿಮಾನವೂ ಒಂದು ಖರ್ಚೇ. ಹಿಂತಿರುಗುವಾಗ ಲಂಡನ್‌ನಲ್ಲೇ ಇಳಿದುಬಿಡುವ ಯೋಚನೆಯನ್ನೂ ನೆಚ್ಚಬೇಡಿ, ಅದು ಟಿಕೆಟ್ ನಿಯಮಕ್ಕೆ ವಿರುದ್ಧ. ಲಗೇಜ್ ಹೇಗೂ ಡಬ್ಲಿನ್‌ಗೇ ಹೋಗುತ್ತದೆ. ನಿಮ್ಮ ಪಾಸ್‌ಪೋರ್ಟ್‌ಗೆ ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಬೇಕೇ ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿ. ಡಬ್ಲಿನ್‌ನಿಂದ ನೇರವಾಗಿ ಹಾರುವುದಾದರೆ ಒಂದು ಲಾಭವಿದೆ: ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ, ನ್ಯೂಯಾರ್ಕ್‌ನಲ್ಲಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಹಣ ಉಳಿಸುವ ಪ್ರಶ್ನೆ: ಎರಡೂ ಕಡೆಗೆ ಬಿಸಿನೆಸ್ ಬೇಕೇ? ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವುದು ಬಹುತೇಕ ಹಗಲಲ್ಲಿ, ಸುಮಾರು 8 ಗಂಟೆ. ಆಗಾಗ ಎದ್ದು ಓಡಾಡಬಹುದು, ಪ್ರೀಮಿಯಂ ಎಕಾನಮಿ ಸಾಕಾಗಬಹುದು. ಮಲಗಬೇಕಾಗುವುದು ವಾಪಸ್ ಬರುವ ರಾತ್ರಿ. ಅದು 7 ಗಂಟೆಗೂ ಸ್ವಲ್ಪ ಕಡಿಮೆ. ಮೇಲೇರುವುದು, ಊಟ, ಇಳಿಯುವ ಮುಂಚಿನ ತಿಂಡಿ ಕಳೆದರೆ ನಿದ್ದೆಗೆ ಉಳಿಯುವುದು 4 ಗಂಟೆ. ಲೌಂಜ್‌ನಲ್ಲೇ ಊಟ ಮುಗಿಸಿ, ಎಬ್ಬಿಸಬೇಡಿ ಎಂದು ಸಿಬ್ಬಂದಿಗೆ ಹೇಳಿದರೆ ಇನ್ನೊಂದು ಗಂಟೆ ಸಿಗುತ್ತದೆ. ಹೋಗಲು ಪ್ರೀಮಿಯಂ, ಬರಲು ಬಿಸಿನೆಸ್ ಎಂದು ಒಂದೇ ರಿಟರ್ನ್ ಟಿಕೆಟ್‌ನಲ್ಲಿ ಸೇರಿಸಬಹುದು. ಬಹಳ ಸಂಸ್ಥೆಗಳು ರಿಟರ್ನ್ ಬೆಲೆಯನ್ನು ಎರಡು ಅರ್ಧಗಳಾಗಿ ಕೂಡಿಸುತ್ತವೆ, ಆದ್ದರಿಂದ ದುಬಾರಿ ಅರ್ಧ ಒಂದೇ ಸಲ ಬೀಳುತ್ತದೆ. ಇನ್ನೂ ಕಡಿಮೆ ಬೇಕೆಂದರೆ, ನ್ಯೂಯಾರ್ಕ್‌ನಿಂದ ಬೆಳಗ್ಗೆ ಹೊರಟು ಸಂಜೆ ಲಂಡನ್ ತಲುಪುವ ಹಗಲು ವಿಮಾನಗಳು ಬ್ರಿಟಿಷ್ ಏರ್‌ವೇಸ್, ಯುನೈಟೆಡ್‌ಗಳಲ್ಲಿವೆ. ಆ ರಾತ್ರಿ ನಿಮ್ಮ ಹಾಸಿಗೆಯಲ್ಲೇ ಮಲಗುತ್ತೀರಿ.

ಇನ್ನು ಮೈಲಿಗಳ ವಿಷಯ, ಅಂದರೆ ಟಿಕೆಟ್‌ಗೆ ಹಣದ ಬದಲು ಕೊಡಬಹುದಾದ ವಿಮಾನ ಸಂಸ್ಥೆಗಳ ಅಂಕಗಳು. ಏರ್ ಫ್ರಾನ್ಸ್–ಕೆಎಲ್‌ಎಂನ ಅಂಥ ಯೋಜನೆಯಾದ ಫ್ಲೈಯಿಂಗ್ ಬ್ಲೂನಲ್ಲಿ ಯುರೋಪ್–ಉತ್ತರ ಅಮೆರಿಕ ಬಿಸಿನೆಸ್ ಒಂದು ಕಡೆಗೆ 60,000 ಮೈಲಿಯಿಂದ ಶುರು. ಮೈಲಿ 1.5 ಸೆಂಟ್‌ಗೆ ಮಾರಾಟಕ್ಕಿದೆ ಎಂದುಕೊಳ್ಳಿ: 900 ಡಾಲರ್. ತೆರಿಗೆ, ಸರ್‌ಚಾರ್ಜ್ 250 ಎಂದುಕೊಂಡರೆ 1,150, ಎರಡೂ ಕಡೆಗೆ 2,300. ಹಣ ಕೊಟ್ಟು ಕೊಳ್ಳುವ ರಿಟರ್ನ್ ಅದಕ್ಕಿಂತ ಕಡಿಮೆಗೆ ಸಿಗುತ್ತಿದ್ದರೆ ಮೈಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಮೈಲಿ ಕೊಳ್ಳುವ ಮೊದಲು ಆ ದಿನದ ಸೀಟು ಪರದೆಯ ಮೇಲೆ ಕಾಣುತ್ತಿರಬೇಕು, ಕೊಂಡ ಮೇಲೆ ಸೀಟು ಹೋದರೆ ಮೈಲಿ ಕೈಲೇ ಉಳಿಯುತ್ತದೆ. ಬೇರೆಯವರ ಮೈಲಿಯಿಂದ ಟಿಕೆಟ್ ಮಾಡಿಕೊಡುವ ದಲ್ಲಾಳಿಗಳ ಹತ್ತಿರ ಹೋಗಬೇಡಿ. ಅದು ಸಂಸ್ಥೆಗಳ ನಿಯಮಕ್ಕೆ ವಿರುದ್ಧ, ಪ್ರಯಾಣದ ಮಧ್ಯದಲ್ಲೇ ಟಿಕೆಟ್ ರದ್ದಾಗಬಹುದು. ಕೆಳಗಿನ ದರ್ಜೆಯ ಟಿಕೆಟ್ ಕೊಂಡು ಬಿಸಿನೆಸ್‌ಗೆ ಏರಲು (ಅಪ್‌ಗ್ರೇಡ್) ಹರಾಜು ಕೂಗುವುದು ಅದೃಷ್ಟದ ಮಾತು, ಮಲಗಲೇಬೇಕಾದವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಹಣ ಕಟ್ಟುವ ಮೊದಲು ಮೂರು ಕಡೆ ಕಣ್ಣು ಹಾಯಿಸಿ. ಟಿಕೆಟ್‌ನ ಹೆಸರಿನಲ್ಲಿ 'ಲೈಟ್' ಎಂದಿದ್ದರೆ ಲೌಂಜ್, ಸೀಟು ಆಯ್ಕೆ, ದಿನಾಂಕ ಬದಲಾವಣೆಗಳಲ್ಲಿ ಯಾವುದು ಇಲ್ಲ ಎಂದು ಓದಿ. ಎರಡನೆಯದು, ಬೆಲೆ ಕಡಿಮೆ ಕಾಣಲು ಉದ್ದದ ಹಂತವನ್ನೇ ಎಕಾನಮಿಗೆ ಹಾಕಿರುವುದುಂಟು. ಪ್ರತಿ ಹಂತದ ಎದುರು ಕ್ಯಾಬಿನ್ ಹೆಸರು ನೋಡಿ. ಯುರೋಪಿನೊಳಗಿನ ಬಿಸಿನೆಸ್ ಎಂದರೆ ಸಾಮಾನ್ಯವಾಗಿ ನಡುವಿನ ಸೀಟು ಖಾಲಿ ಬಿಟ್ಟ ಎಕಾನಮಿ ಅಷ್ಟೇ, ಅದಕ್ಕೆ ಬೇಸರ ಬೇಡ. ಮೂರನೆಯದು ಸೀಟು. ಅನೇಕ ವಿಮಾನಗಳಲ್ಲಿ ಸೀಟು ಚಪ್ಪಟೆಯಾದಾಗ ಕಾಲು ಮುಂದಿನ ಸೀಟಿನ ಪಕ್ಕದ ಪೆಟ್ಟಿಗೆಯಂಥ ಸಂದಿಗೆ ಹೋಗುತ್ತದೆ. ಅದು ಕಿರಿದಾಗಿದ್ದರೆ ಮಗ್ಗುಲು ಬದಲಿಸಲು ಆಗದು. ಕ್ಯಾಬಿನ್‌ನ ಮೊದಲ ಸಾಲಿನಲ್ಲಿ ಆ ಜಾಗ ಸಾಮಾನ್ಯವಾಗಿ ಅಗಲವಾಗಿರುತ್ತದೆ. ಬೆನ್ನುನೋವಿಗೆ ಆ ಸಾಲಿನ ಸೀಟು ದುಡ್ಡು ಕೊಟ್ಟಾದರೂ ತೆಗೆದುಕೊಳ್ಳಿ.

ಸಂಸ್ಥೆಯ ಸೈಟ್‌ನಲ್ಲೇ ಕೊಳ್ಳಿ. ಅಮೆರಿಕದ ಗ್ರಾಹಕರಿಗಾಗಿರುವ ಸೈಟ್‌ನಲ್ಲಿ, ಹೊರಡಲು 7 ದಿನವಾದರೂ ಇರುವಾಗ ಕೊಂಡರೆ, 24 ಗಂಟೆಯೊಳಗೆ ಪೂರ್ತಿ ಹಣ ವಾಪಸ್ ಸಿಗುವಂತೆ ರದ್ದು ಮಾಡಲು ಅಥವಾ ಹಣ ಕಟ್ಟದೆ ಬೆಲೆ ಹಿಡಿದಿಡಲು ಅವಕಾಶ ಕೊಡಬೇಕೆಂದು ಅಲ್ಲಿನ ಸಾರಿಗೆ ಇಲಾಖೆಯ ನಿಯಮವಿದೆ. ವಿಮಾನ ಬದಲಾಗಿ ನಿಮ್ಮನ್ನು ಕೆಳಗಿನ ಕ್ಯಾಬಿನ್‌ಗೆ ತಳ್ಳಿದರೆ ಸುಮ್ಮನಿರಬೇಡಿ. ವಿಮಾನ ಪ್ರಯಾಣಿಕರ ಹಕ್ಕುಗಳ ಯುರೋಪ್ ಒಕ್ಕೂಟದ 261 ನಿಯಮದಲ್ಲೂ ಬ್ರಿಟನ್‌ನ ಅದೇ ಬಗೆಯ ಕಾನೂನಿನಲ್ಲೂ ಇಷ್ಟು ದೂರದ ಹಂತಕ್ಕೆ ಆ ಹಂತದ ಬೆಲೆಯ 75 ಶೇಕಡಾ 7 ದಿನದೊಳಗೆ ಮರಳಿಸಬೇಕು. ನ್ಯೂಯಾರ್ಕ್‌ನಿಂದ ಬರುವ ವಿಮಾನ ಅಮೆರಿಕದ ಸಂಸ್ಥೆಯದಾದರೆ ಈ ರಕ್ಷಣೆ ಇಲ್ಲ, ಯುರೋಪ್ ಅಥವಾ ಬ್ರಿಟನ್ ಸಂಸ್ಥೆಯದಾದರೆ ಇದೆ. ರಾತ್ರಿಯ ಹಂತಕ್ಕೆ ಎರಡರಲ್ಲೂ ಬೆಲೆ ಒಂದೇ ಇದ್ದರೆ ಎರಡನೆಯದನ್ನೇ ಆರಿಸಿ. ಕೆಳಗಿನ ಕ್ಯಾಬಿನ್‌ಗೆ ತಳ್ಳಿದಾಗ ಹಳೆಯ ಬೋರ್ಡಿಂಗ್ ಪಾಸ್ ಮತ್ತು ಹೊಸದು ಎರಡನ್ನೂ ಇಟ್ಟುಕೊಳ್ಳಿ.