ಒಲೆ ಹಿಂದಿನ ಸ್ಟೀಲ್ ಶೀಟು ಉಬ್ಬಿದೆ, ಏನು ಮಾಡಲಿ?

ಪ್ರಶ್ನೆ: ಗ್ಯಾಸ್ ಒಲೆಯ ಹಿಂದೆ ಆಯಿಲ್ ಪೇಂಟ್ ಬಳಿದ ಗೋಡೆಗೆ 6 ಅಡಿ ಉದ್ದ, 2 ಅಡಿ ಎತ್ತರ, 1 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಶೀಟು ಹಾಕಿಸಿದೆವು. ಬಡಗಿ ಪ್ಲೈವುಡ್ಡಿನ ಬಿಳಿ ಗಮ್ಮಿನಲ್ಲೇ ಅಂಟಿಸಿದರು. ಎರಡು ತಿಂಗಳಲ್ಲಿ ನಡುವೆ ಉಬ್ಬಿ, ಒಂದು ತುದಿ ಕಿತ್ತು ಬಂದಿದೆ. ಅದೇ ಶೀಟನ್ನು ಮತ್ತೆ ಕೂರಿಸಬಹುದೇ? ಸ್ಕ್ರೂ ಹೊಡೆಸಬೇಕೇ?

ಉತ್ತರ: ಮಡಿಕೆ ಬಿದ್ದಿಲ್ಲದಿದ್ದರೆ ಅದೇ ಶೀಟು ಸಾಕು. ಬಿಳಿ ಗಮ್ಮು ಗಟ್ಟಿಯಾಗಲು ಅದರೊಳಗಿನ ನೀರು ಆರಬೇಕು. ಮುಂದೆ ಸ್ಟೀಲು, ಹಿಂದೆ ಆಯಿಲ್ ಪೇಂಟು. ನೀರು ಹೋಗುವುದಾದರೂ ಎಲ್ಲಿಗೆ? ಬಡಗಿಯ ಕೈಗೆ ಸದಾ ಸಿಗುವ ಡಬ್ಬ ಅದು, ಅಷ್ಟೆ.

ಇದಕ್ಕೆ ಬೇಕಾದ್ದು ನ್ಯೂಟ್ರಲ್ ಸಿಲಿಕೋನ್, 280 ಮಿ.ಲೀ.ನ ಎರಡು ಟ್ಯೂಬ್. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಬೇಡ, ಅದು ಸಿಮೆಂಟಿನ ಮೇಲೆ ನಿಲ್ಲುವುದಿಲ್ಲ.

ಮೊದಲು ಪೇಂಟನ್ನು ಗಿಲಾವು ಕಾಣುವವರೆಗೆ ಕೆರೆಯಿರಿ. ಹಾಗೇ ಬಿಟ್ಟರೆ ಶೀಟು ಪೇಂಟಿಗೆ ಅಂಟಿಕೊಂಡು, ಪೇಂಟಿನ ಸಮೇತ ಕೆಳಗಿಳಿಯುತ್ತದೆ. ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ, 3 ಮಿ.ಮೀ.ಗಿಂತ ಹೆಚ್ಚು ತಗ್ಗಿದ್ದರೆ ಗಾರೆಯಲ್ಲೇ ಸರಿಪಡಿಸಿ, ಪೂರ್ತಿ ಒಣಗಲು ಬಿಡಿ. ಪುಟ್ಟಿ ಪುಡಿಯಾಗುತ್ತದೆ. ಶೀಟಿನ ಹಿಂಬದಿಯನ್ನು 120 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಥಿನ್ನರ್‌ನಿಂದ ಒರೆಸಿ. ಆ ಹೊತ್ತಿಗೆ ಒಲೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದಿರಿ.

ಸಿಲಿಕೋನನ್ನು ಮೇಲಿಂದ ಕೆಳಕ್ಕೆ, 20 ಸೆಂ.ಮೀ.ಗೊಂದರಂತೆ ಉದ್ದುದ್ದ ಗೆರೆಯಾಗಿ ಎಳೆಯಿರಿ. ಅದು ಗಟ್ಟಿಯಾಗುವುದು ಗಾಳಿಯ ತೇವದಿಂದ. ಸುತ್ತಲೂ ಮುಚ್ಚಿದ ಚೌಕ ಎಳೆದರೆ ಒಳಗಿನದು ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. 6 ಮಿ.ಮೀ. ದಪ್ಪದ ಗೆರೆಯಾದರೆ ಒಂದು ಟ್ಯೂಬಿನಲ್ಲಿ ಸುಮಾರು 10 ಮೀಟರ್ ಬರುತ್ತದೆ. ಎರಡನೆಯದು ಅಂಚಿಗೆ, ಅದನ್ನು ಮೂರ್ನಾಲ್ಕು ದಿನ ಬಿಟ್ಟು ತುಂಬಿ.

ಉಬ್ಬಿದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. 6 ಅಡಿ ಶೀಟು 40 ಡಿಗ್ರಿ ಬಿಸಿಯೇರಿದರೆ 1.2 ಮಿ.ಮೀ.ನಷ್ಟು ಹಿಗ್ಗುತ್ತದೆ. ಎರಡೂ ತುದಿ ಗೋಡೆಗೋ ಟೈಲ್ಸಿಗೋ ತಾಗಿದ್ದರೆ, ನಡುವೆ ಗೋಡೆಯ ಹಿಡಿತ ಬಿಟ್ಟ ಶೀಟು ಲೆಕ್ಕದ ಪ್ರಕಾರ ಒಂದು ಅಂಗುಲದವರೆಗೂ ಉಬ್ಬಬಲ್ಲದು! ಪ್ರತಿ ತುದಿಯಲ್ಲಿ 3 ಮಿ.ಮೀ. ಬಿಡಿ. ಕೆಳಗೆ ಗ್ರಾನೈಟಿನ ಮೇಲೆ ಟೈಲ್ಸ್ ಸ್ಪೇಸರ್ ಇಟ್ಟು ಶೀಟನ್ನು ಅದರ ಮೇಲೆ ನಿಲ್ಲಿಸಿ, ಟೇಪು ಹಾಕಿ 24 ಗಂಟೆ ಮುಟ್ಟಬೇಡಿ.

ಶೀಟಿನ ತೂಕ ಒಂಬತ್ತು ಕೆ.ಜಿ.ಯ ಆಸುಪಾಸು, ಸ್ಕ್ರೂ ಬೇಕಿಲ್ಲ. ತಲೆಯ ಸುತ್ತ ಜಿಡ್ಡು ಕೂರುತ್ತದೆ. ಹೊಡೆಸಲೇಬೇಕೆಂದರೆ 4 ಮಿ.ಮೀ. ಸ್ಟೇನ್‌ಲೆಸ್ ಸ್ಕ್ರೂಗೆ ಶೀಟಿನಲ್ಲಿ 6 ಮಿ.ಮೀ. ತೂತು, ಮೇಲೊಂದು ವಾಷರ್. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಡ್ರಿಲ್ ಹಾಕಬೇಡಿ, ವೈರು ಅಲ್ಲೇ ಹೋಗಿರುತ್ತದೆ.

ಪ್ರಶ್ನೆ: ಹೊಸ ಸ್ಟೇನ್‌ಲೆಸ್ ಶೀಟಿನ ಅಂಚಿನಲ್ಲಿ ಕಂದು ಚುಕ್ಕೆ. ಅಂಗಡಿಯವರು ಮೋಸ ಮಾಡಿದರೇ?

ಉತ್ತರ: ಕಬ್ಬಿಣ ಕೊಯ್ದ ಡಿಸ್ಕಿನಲ್ಲೇ ಇದನ್ನೂ ಕೊಯ್ದಿರಬೇಕು, ತುಕ್ಕು ಹಿಡಿದಿರುವುದು ಅಂಟಿದ ಕಬ್ಬಿಣದ ಪುಡಿಗೆ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಹಚ್ಚಿ ನೈಲಾನ್ ಸ್ಕ್ರಬರ್‌ನಲ್ಲಿ ಉಜ್ಜಿ, ಕಬ್ಬಿಣದ ನಾರು ಬೇಡ. ನಡುಭಾಗದಲ್ಲೂ ಚುಕ್ಕೆ ಮೂಡಿದರೆ ತುಕ್ಕನ್ನು ಚೆನ್ನಾಗಿ ತಡೆಯುವ 304ರ ಬದಲು ಅಗ್ಗದ 202 ಗ್ರೇಡ್ ಕೊಟ್ಟಿರುವ ಅನುಮಾನ ಪಡಬಹುದು. ಅಯಸ್ಕಾಂತ ಇಟ್ಟು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯದು. ಬಿಲ್ಲಿನಲ್ಲೇ ಗ್ರೇಡ್ ಬರೆಸಿಕೊಳ್ಳಿ.