ಮಂಡ್ಯದಲ್ಲಿ 13.1, ಮೈಸೂರಿನಲ್ಲಿ 13.46

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನಮ್ಮಣ್ಣನ ಮಗಳು ದಸರಾ ಕ್ರೀಡಾಕೂಟದ ಜಿಲ್ಲಾ ಹಂತದಲ್ಲಿ, ಮಂಡ್ಯದಲ್ಲಿ, 100 ಮೀಟರ್ ಓಟವನ್ನು 13.1 ಸೆಕೆಂಡಿನಲ್ಲಿ ಗೆದ್ದಳು. ಗ್ಯಾಲರಿಯಲ್ಲಿ ಕೂತು ನಾನೇ ಮೊಬೈಲಿನಲ್ಲಿ ಹಿಡಿದಾಗ 12.85 ಬಂದಿತ್ತು. ವಿಭಾಗ ಮಟ್ಟಕ್ಕೆ ಮೈಸೂರಿಗೆ ಹೋದರೆ 13.46, ಮೂರನೇ ಸ್ಥಾನ. ಎರಡನೆಯವಳಿಗೂ 13.46 ಅಂತಲೇ ಹಾಕಿದ್ದಾರೆ! ಫಲಿತಾಂಶದ ಪಕ್ಕ -1.3 ಅಂತ ಬೇರೆ ಇದೆ, ಅದೇನು? ಊರಿನಲ್ಲಿ ಎಲ್ಲರೂ ಹುಡುಗಿ ನಿಧಾನವಾದಳು ಅಂತಿದ್ದಾರೆ. ಮೈಸೂರಿನವರ ಮೇಲೆ ದೂರು ಕೊಡಲೇ? ಇಲ್ಲಾ, ಗಡಿಯಾರದ ಸಹವಾಸವೇ ಬೇಡ ಅಂತ ಡಿಸ್ಕಸ್ ಎಸೆತಕ್ಕೆ ಸೇರಿಸಿಬಿಡಲೇ?"

ಸಂಪಾದಕರ ಉತ್ತರ:

ದೂರು ಬೇಡ. ಮೈಸೂರಿನ ಗಡಿಯಾರ ನಿಮ್ಮ ಹುಡುಗಿಯ ಸಮಯವನ್ನು ಕದ್ದಿಲ್ಲ. ಮಂಡ್ಯದ್ದೂ ಕೆಟ್ಟಿರಲಿಲ್ಲ. ಮಂಡ್ಯದ 13.1 ನೋಡಿದರೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದದ್ದು (ಹ್ಯಾಂಡ್ ಟೈಮಿಂಗ್), ಮೈಸೂರಿನ 13.46 ಎಲೆಕ್ಟ್ರಾನಿಕ್ ಯಂತ್ರ ಅಳೆದದ್ದು. ಒಂದು ಕಡೆ ಸೇರಿನಲ್ಲಿ ಅಳೆದ ರಾಗಿ, ಇನ್ನೊಂದು ಕಡೆ ಕಿಲೋದಲ್ಲಿ ತೂಗಿದ ರಾಗಿ, ಅಷ್ಟೇ.

ನಿಮ್ಮ ಮೊಬೈಲಿನಿಂದಲೇ ಶುರು ಮಾಡೋಣ. ನೀವು ಬಹುಶಃ ಫಿನಿಶ್ ಲೈನ್ ಹತ್ತಿರ ಕೂತಿದ್ದಿರಿ. ಪಿಸ್ತೂಲು ಹಾರಿದ್ದು 100 ಮೀಟರ್ ಆಚೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ 'ಢಂ' ಅನ್ನುವುದು ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ಹೆಚ್ಚುಕಮ್ಮಿ 0.3 ಸೆಕೆಂಡ್ ಕಳೆದಿರುತ್ತದೆ. ಹುಡುಗಿ ಆಗಲೇ ಬ್ಲಾಕ್ ಬಿಟ್ಟಿರುತ್ತಾಳೆ, ನಿಮ್ಮ ಬೆರಳು ಇನ್ನೂ ಪರದೆ ಮುಟ್ಟಿರುವುದಿಲ್ಲ. ಅಷ್ಟು ಸಮಯ ಅವಳಿಗೆ ಪುಕ್ಕಟೆ. ಹಾಗಾಗಿ 12.85 ಅನ್ನು ದಯವಿಟ್ಟು ವಾಟ್ಸಾಪ್ ಗ್ರೂಪಿನಿಂದ ಅಳಿಸಿಬಿಡಿ.

ಪಳಗಿದ ಟೈಮ್‌ಕೀಪರ್‌ಗಳು ಸದ್ದಿಗೆ ಕಾಯುವುದಿಲ್ಲ. ಪಿಸ್ತೂಲಿನ ಹೊಗೆ ಅಥವಾ ಕಿಡಿ ಕಂಡ ತಕ್ಷಣ ಗುಂಡಿ ಒತ್ತುತ್ತಾರೆ. ಆದರೂ ಕಣ್ಣು ಕಂಡಿದ್ದನ್ನು ಬೆರಳು ಮಾಡುವುದಕ್ಕೆ ಚೂರು ಹೊತ್ತು ಬೇಕಲ್ವಾ? ಶುರುವಿನಲ್ಲಿ ಹೊಗೆ ಯಾವಾಗ ಬರುತ್ತದೆ ಅಂತ ಗೊತ್ತಿರುವುದಿಲ್ಲ, ಬೆರಳು ತಡವಾಗುತ್ತದೆ. ಕೊನೆಯಲ್ಲಿ ಓಟಗಾರ್ತಿ ಎದುರಿಗೇ ಬರುತ್ತಿರುವುದು ಕಾಣುತ್ತದೆ, ಬೆರಳು ಮೊದಲೇ ಸಿದ್ಧವಾಗಿರುತ್ತದೆ. ತಡ ಒಂದೇ ಕಡೆ ಆಗುವುದರಿಂದ ಕೈಯಲ್ಲಿ ಹಿಡಿದ ಸಮಯ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಯಾರೂ ಮೋಸ ಮಾಡಬೇಕಾಗಿಲ್ಲ. ಅದಕ್ಕೇ ಹ್ಯಾಂಡ್ ಟೈಮಿಂಗನ್ನು ಎಲೆಕ್ಟ್ರಾನಿಕ್ ಜೊತೆ ಹೋಲಿಸುವಾಗ 100 ಮತ್ತು 200 ಮೀಟರಿಗೆ 0.24 ಸೆಕೆಂಡ್ ಸೇರಿಸುತ್ತಾರೆ, 400 ಮೀಟರಿಗೆ 0.14. ನಿಮ್ಮ 13.1ಕ್ಕೆ ಸೇರಿಸಿ ನೋಡಿ: 13.34.

ಇದು ಮಂಡ್ಯ, ಮೈಸೂರಿನ ತಕರಾರು ಮಾತ್ರ ಅಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಮಿಲ್ಖಾ ಸಿಂಗ್ 400 ಮೀಟರ್ ಓಡಿದಾಗ ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್ ತೋರಿಸಿದ್ದು 45.6, ಎಲೆಕ್ಟ್ರಾನಿಕ್ ತೋರಿಸಿದ್ದು 45.73. ಒಂದೇ ಓಟ, ಒಂದೇ ಕಾಲು. 1998ರಲ್ಲಿ ಪರಮ್‌ಜೀತ್ ಸಿಂಗ್ 45.70ರಲ್ಲಿ ಓಡಿ ಆ ರಾಷ್ಟ್ರೀಯ ದಾಖಲೆ ಮುರಿದರು. 45.6 ಅಂತ ಮಾತ್ರ ಬಾಯಿಪಾಠ ಮಾಡಿಕೊಂಡಿದ್ದವರಿಗೆ ಅದು ದಾಖಲೆ ಅಂತ ಅನಿಸುವುದೇ ಇಲ್ಲ. 400 ಮೀಟರ್‌ವರೆಗಿನ ಓಟಗಳ ವಿಶ್ವದಾಖಲೆಗೆ 1977ರಿಂದ ಎಲೆಕ್ಟ್ರಾನಿಕ್ ಸಮಯ ಮಾತ್ರ ಲೆಕ್ಕ.

ಈಗ ಆ -1.3. ಅದು ಗಾಳಿ. ಫಿನಿಶ್‌ಗೆ 50 ಮೀಟರ್ ಇರುವಾಗ ಮೊದಲ ಲೇನ್ ಪಕ್ಕದಲ್ಲಿ, ಸೊಂಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಒಂದು ಯಂತ್ರ ನಿಲ್ಲಿಸಿರುತ್ತಾರೆ. ಸರಿಯಾಗಿ ಹೇಳಬೇಕೆಂದರೆ 1.22 ಮೀಟರ್. 100 ಮೀಟರ್ ಓಟದಲ್ಲಿ ಪಿಸ್ತೂಲು ಹಾರಿದಾಗಿನಿಂದ 10 ಸೆಕೆಂಡ್ ಅದು ಗಾಳಿ ಅಳೆಯುತ್ತದೆ. ಪ್ಲಸ್ ಅಂದರೆ ಬೆನ್ನ ಹಿಂದಿನ ಗಾಳಿ, ಮೈನಸ್ ಅಂದರೆ ಎದುರುಗಾಳಿ. ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರಿಗಿಂತ ಜಾಸ್ತಿ ಇದ್ದರೆ ಸಮಯ ದಾಖಲೆಗೆ ಬರುವುದಿಲ್ಲ, ಪದಕ ಮಾತ್ರ ಉಳಿಯುತ್ತದೆ. ನಿಮ್ಮ ಹುಡುಗಿ ಎದುರುಗಾಳಿಗೆ ಓಡಿದ್ದಾಳೆ. 13.34ಕ್ಕೂ 13.46ಕ್ಕೂ ಇರುವ ವ್ಯತ್ಯಾಸದಲ್ಲಿ ಬಹುಪಾಲು ಆ ಗಾಳಿಯದೇ ಇರಬಹುದು. ಮಂಡ್ಯದಲ್ಲಿ ಅವತ್ತು ಗಾಳಿ ಹೇಗಿತ್ತೋ, ನಿಮ್ಮ ಪತ್ರದಲ್ಲಿ ಇಲ್ಲ. ಅವಳು ನಿಧಾನವಾಗಿದ್ದಾಳೆ ಅನ್ನುವುದಕ್ಕೆ ಈ ಕಾಗದದಲ್ಲಂತೂ ಪುರಾವೆ ಇಲ್ಲ.

ಇಬ್ಬರಿಗೂ 13.46 ಯಾಕೆ? ಫೋಟೋ ಫಿನಿಶ್ ಕ್ಯಾಮೆರಾ ಇಡೀ ಟ್ರ್ಯಾಕ್ ನೋಡುವುದಿಲ್ಲ. ಗೆರೆಯ ಮೇಲಿನ ಒಂದು ಸಣ್ಣ ಸೀಳನ್ನು ಮಾತ್ರ ಸೆಕೆಂಡಿಗೆ ಸಾವಿರ ಸಲಕ್ಕೂ ಹೆಚ್ಚು ತೆಗೆದು ಪಕ್ಕಪಕ್ಕ ಜೋಡಿಸುತ್ತದೆ. ಆ ಚಿತ್ರದಲ್ಲಿ ಗೆರೆ ಮೇಲೆ ಊರಿದ ಶೂ ದೋಣಿ ಥರ ಉದ್ದಕ್ಕೆ ಕಾಣುವುದು ಅದಕ್ಕೇ. ಅದರ ಮೇಲೆ ತೀರ್ಪುಗಾರರು ಗೆರೆ ಎಳೆದು ಓದುತ್ತಾರೆ, ಮುಂಡದ ಲೆಕ್ಕ ಮಾತ್ರ. ತಲೆ, ಕೈ, ಕಾಲು ಎಷ್ಟೇ ಮುಂದೆ ಚಾಚಿದ್ದರೂ ಉಪಯೋಗವಿಲ್ಲ. ಸಮಯವನ್ನು ನೂರನೇ ಒಂದು ಭಾಗಕ್ಕೆ ಮೇಲಕ್ಕೆ ಸರಿಸಿ ಬರೆಯುತ್ತಾರೆ. ಒಬ್ಬಳದು 13.452, ಇನ್ನೊಬ್ಬಳದು 13.458 ಇದ್ದರೂ ಪಟ್ಟಿಯಲ್ಲಿ ಎರಡೂ 13.46. ಸ್ಥಾನ ಮಾತ್ರ ಸಾವಿರನೇ ಭಾಗ ನೋಡಿ ಕೊಡುತ್ತಾರೆ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಿನಲ್ಲಿ 55.42ಕ್ಕೆ ಬಂದು, 55.41ರವರಿಗೆ ಕಂಚು ಬಿಟ್ಟುಕೊಟ್ಟರಲ್ಲ, ಅದಕ್ಕಿಂತ ಸಣ್ಣ ಅಂತರ ಇದು.

ಅನುಮಾನವಿದ್ದರೆ ಆ ಚಿತ್ರ ನೋಡಿ ಪ್ರತಿಭಟನೆ ಸಲ್ಲಿಸಲು ಅವಕಾಶ ಇತ್ತು. ಫಲಿತಾಂಶ ಪ್ರಕಟವಾದ 30 ನಿಮಿಷದೊಳಗೆ ಓಟಗಾರ್ತಿಯೋ ಅವಳ ಪರವಾಗಿ ಬೇರೊಬ್ಬರೋ ರೆಫರಿಗೆ ಬಾಯಲ್ಲಿ ಹೇಳಿದರೂ ಸಾಕು. ಮುಂದಿನ ಸಲ ಇದು ನೆನಪಿರಲಿ. ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ, 2023ರಲ್ಲಿ, 100 ಮೀಟರ್ ಹರ್ಡಲ್ಸಿನ ಫೈನಲ್‌ನಲ್ಲಿ ಜ್ಯೋತಿ ಯರ‍್ರಾಜಿ ಟ್ರ್ಯಾಕ್ ಮೇಲೇ ನಿಂತು ವಾದಿಸಿದ್ದರು. ಕೊನೆಗೆ ಚೀನಾದ ಓಟಗಾರ್ತಿಯ ಫಾಲ್ಸ್ ಸ್ಟಾರ್ಟ್ (ಪಿಸ್ತೂಲಿಗಿಂತ ಮೊದಲೇ ಹೊರಟಿದ್ದು) ಖಚಿತವಾಗಿ ಕಂಚು ಬೆಳ್ಳಿಯಾಯಿತು. ಮಾತಾಡುವುದು ತಪ್ಪಲ್ಲ, ಹೊತ್ತಿಗೆ ಸರಿಯಾಗಿ ಮಾತಾಡಬೇಕು.

ನನಗೆ ಬೇಸರ ಇರುವುದು ಬೇರೆ ಕಡೆ. ಆಯ್ಕೆಗೆ ಕೂತವರು ಒಂದು ಜಿಲ್ಲೆಯ ಕೈಲೆಕ್ಕದ 13.1ನ್ನೂ ಇನ್ನೊಂದು ಕಡೆಯ ಎಲೆಕ್ಟ್ರಾನಿಕ್ 13.30ನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಳ್ಳೆಯ ಗಡಿಯಾರದ ಕೆಳಗೆ ಓಡಿದ ಮಗುವಿಗೇ ನಷ್ಟ. ಪ್ರತಿ ತಾಲ್ಲೂಕಿಗೂ ಕ್ಯಾಮೆರಾ ತನ್ನಿ ಅಂತ ನಾನು ಹೇಳುತ್ತಿಲ್ಲ. ಪ್ರಮಾಣಪತ್ರದಲ್ಲಿ ಸಮಯದ ಪಕ್ಕ 'ಹ್ಯಾಂಡ್ ಟೈಮಿಂಗ್' ಅಂತ ಎರಡು ಪದ ಬರೆಯಲು ಖರ್ಚೇನೂ ಇಲ್ಲವಲ್ಲ.

ಇನ್ನು ಡಿಸ್ಕಸ್. ತಮಾಷೆಗೆ ಕೇಳಿದ್ದೀರಿ, ಆದರೂ ಹೇಳುತ್ತೇನೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸಿನಲ್ಲಿ ಡಿಸ್ಕಸ್ ಚಿನ್ನ ಗೆದ್ದ ವಿಕಾಸ್ ಗೌಡ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ, ಬೆಳೆದದ್ದು ಅಮೆರಿಕದಲ್ಲಿ. ಅವತ್ತಿನ ಎಸೆತ 63.64 ಮೀಟರ್. ಅಲ್ಲಿ ಗಡಿಯಾರದ ಕಾಟ ಇಲ್ಲ ನಿಜ, ಗಾಳಿಯ ಕಾಟ ಇದೆ. ವಿಚಿತ್ರ ಅಂದರೆ ಡಿಸ್ಕಸ್‌ಗೆ ಹದವಾದ ಎದುರುಗಾಳಿಯೇ ಒಳ್ಳೆಯದು, ತಟ್ಟೆಯನ್ನು ಎತ್ತಿ ಹಿಡಿಯುತ್ತದೆ. ಮತ್ತು ದಾಖಲೆಗೆ ಅಲ್ಲಿ ಗಾಳಿಯ ಮಿತಿಯೇ ಇಲ್ಲ! ಆದರೆ 100 ಮೀಟರಿನಲ್ಲಿ ವಿಭಾಗಕ್ಕೆ ಮೂರನೆಯವಳಾಗಿ ಬಂದ ಹುಡುಗಿಯನ್ನು ಸುಮ್ನೆ ಎಸೆತಕ್ಕೆ ಎಳೆಯಬೇಡಿ. ಮೈಸೂರು ವಿಭಾಗ ಅಂದರೆ ದಕ್ಷಿಣ ಕನ್ನಡ, ಉಡುಪಿಯೂ ಸೇರಿ ಎಂಟು ಜಿಲ್ಲೆ. ಊರಿನವರು ಕೇಳಿದರೆ ಮೊದಲು ಅದನ್ನು ಹೇಳಿ, ಸಮಯದ ಮಾತು ಆಮೇಲೆ.