ಕಡಲಕುದುರೆ ಬೇಡ, ಫೈಟರ್ ಮರಿ ಮಾಡಿಸಿ ನೋಡಿ

ನೀವು ಕೇಳಿದ್ದು: ಮೈಸೂರಿನ ಮನೆಯಲ್ಲಿ ಎರಡಡಿಯ ಗಾಜಿನ ತೊಟ್ಟಿ ಖಾಲಿ ಇದೆ, ಒಂದು ಜೋಡಿ ಕಡಲಕುದುರೆ ತಂದು ಮರಿ ಮಾಡಿಸಿ ಬೆಳೆಸಬಹುದೇ?

ತರಬೇಡಿ. ಕಡಲಕುದುರೆಗಳನ್ನೂ ಅವುಗಳ ಬಳಗದ ಪೈಪ್‌ಮೀನುಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ (1972) ಒಂದನೇ ಷೆಡ್ಯೂಲಿಗೆ ಸೇರಿಸಲಾಯಿತು. ಹುಲಿ, ಆನೆ ಇದ್ದದ್ದೂ ಅದೇ ಪಟ್ಟಿಯಲ್ಲಿ. "ಇದು ಫಾರ್ಮಿನದು ಸಾರ್, ಏನೂ ಆಗಲ್ಲ" ಎಂದು ಯಾರಾದರೂ ಪೊಟ್ಟಣ ಕಟ್ಟಿಕೊಡಲು ಬಂದರೆ ಕೈ ಮುಗಿದು ಬನ್ನಿ.

ಕಾನೂನಿನ ತೊಡಕು ಇರದಿದ್ದರೂ ಹೊಸಬರಿಗೆ ನಾನು ಅದನ್ನು ಹೇಳುತ್ತಿರಲಿಲ್ಲ. ಕಡಲಕುದುರೆಯಲ್ಲಿ ಬಸಿರಾಗುವುದು ಗಂಡು. ಹೆಣ್ಣು ಮೊಟ್ಟೆಗಳನ್ನು ಗಂಡಿನ ಹೊಟ್ಟೆಚೀಲಕ್ಕೆ ಇಳಿಸುತ್ತದೆ, ಎರಡು ಮೂರು ವಾರದ ಮೇಲೆ ಗಂಡು ನೂರಾರು ಮರಿ ಹೆರುತ್ತದೆ. ಇಲ್ಲಿಯವರೆಗೆ ಮನುಷ್ಯನ ಕೆಲಸ ಏನೂ ಇಲ್ಲ. ಕಷ್ಟ ಶುರುವಾಗುವುದು ಮಾರನೆಯ ದಿನ. ಕಡಲಕುದುರೆಗೆ ಜಠರವೇ ಇಲ್ಲ, ತಿಂದದ್ದು ಕರುಳಿನಲ್ಲಿ ಬೇಗ ಸಾಗಿ ಹೋಗುತ್ತದೆ. ಹಾಗಾಗಿ ಮರಿಗಳ ಬಾಯಿಯ ಮುಂದೆ ಹಗಲಿಡೀ ಜೀವಂತ ಆಹಾರ ಈಜುತ್ತಿರಬೇಕು. ಎಷ್ಟೋ ಮರಿಗಳು ನೀರಿನ ಮೇಲ್ಮೈಗೆ ಬಂದು ಗಾಳಿ ನುಂಗಿ, ಮತ್ತೆ ಮುಳುಗಲಾರದೆ ಸಾಯುತ್ತವೆ.

ನಿಮಗೆ ಬೇಕಾಗಿರುವುದು ಅಪ್ಪ ಮಾಡುವ ಬಾಣಂತನ ನೋಡುವ ಖುಷಿಯಾದರೆ ಫೈಟರ್ ಮೀನು ತನ್ನಿ. ಇಲ್ಲೂ ನೀರಿನ ಮೇಲೆ ಗುಳ್ಳೆಗಳ ನೊರೆಗೂಡು ಕಟ್ಟಿ ಮೊಟ್ಟೆ ಕಾಯುವುದು ಗಂಡೇ, ಸಾವು ಬರುವುದು ಮೊದಲ ಹತ್ತು ದಿನದ ಹಸಿವಿನಿಂದಲೇ. ಆದರೆ ಸಿಹಿನೀರು ಸಾಕು, ಕಾನೂನಿನ ಭಯವಿಲ್ಲ.

ಜೋಡಿ ತರುವ ಮೊದಲೇ ಮರಿಗಳ ಊಟಕ್ಕೆ ಏರ್ಪಾಡು ಮಾಡಿ. ಹೆಚ್ಚಿನವರು ಮೊಟ್ಟೆ ಇಟ್ಟ ಮೇಲೆ ಊಟ ಹುಡುಕುತ್ತಾರೆ, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹೊಸ ಮರಿ ರೆಪ್ಪೆಕೂದಲಿನಷ್ಟೇ ಇರುತ್ತದೆ. ಅಂಗಡಿಯ ಪುಡಿ ಆಹಾರ ಅಲುಗಾಡುವುದಿಲ್ಲ, ಅಲುಗಾಡದ್ದನ್ನು ಅದು ಊಟವೆಂದು ಗುರುತಿಸುವುದಿಲ್ಲ. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಎನ್ನುವವರಿದ್ದಾರೆ. ಅದು ಮರಿಗಿಂತ ಬೇಗ ನೀರನ್ನು ಕೊಲ್ಲುತ್ತದೆ. ಎರಡು ಲೀಟರಿನ ಜಾಡಿಯಲ್ಲಿ ಹಳೆಯ ಮೀನುತೊಟ್ಟಿಯ ನೀರು ತುಂಬಿ, ಒಂದು ತುಂಡು ಕೋಸಿನ ಎಲೆಯನ್ನೋ ಒಂದು ಹಿಡಿ ಒಣಹುಲ್ಲನ್ನೋ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಬೆಳಕಿರುವ ಕಡೆ ಇಡಿ. ಎರಡನೇ ದಿನ ನೀರು ಬೆಳ್ಳಗೆ ಕದಡಿ ನಾರುತ್ತದೆ. ನಾಲ್ಕೈದು ದಿನಕ್ಕೆ ತಿಳಿಯಾದಾಗ ಟಾರ್ಚ್ ಹಿಡಿದು ನೋಡಿದರೆ ಧೂಳಿನಂಥ ಚುಕ್ಕೆಗಳು ಓಡಾಡುತ್ತಿರುತ್ತವೆ. ಅದೇ ಮರಿಗಳ ಮೊದಲ ಊಟ. ನೀರು ಬೆಳ್ಳಗಿರುವಾಗಲೇ ತೊಟ್ಟಿಗೆ ಸುರಿಯಬೇಡಿ, ಆಗ ಅದರಲ್ಲಿರುವುದು ಬರೀ ಬ್ಯಾಕ್ಟೀರಿಯಾ. ಮಂಡ್ಯದ ಕಡೆಯವರಾದರೆ ಭತ್ತದ ಹುಲ್ಲಿಗೆ ಬರವಿಲ್ಲ, ಆದರೆ ಔಷಧಿ ಹೊಡೆದ ಗದ್ದೆಯ ಹುಲ್ಲು ಹಾಕಿದರೆ ಜಾಡಿಯಲ್ಲಿ ಏನೂ ಹುಟ್ಟುವುದಿಲ್ಲ.

ಎರಡನೆಯ ಊಟ ಆರ್ಟೀಮಿಯಾ, ಅಂದರೆ ಉಪ್ಪುನೀರಿನಲ್ಲಿ ಬದುಕುವ ಸೀಗಡಿಯಂಥ ಪುಟ್ಟ ಜೀವಿ. ಇದರ ಒಣ ಮೊಟ್ಟೆಗಳು ಸಣ್ಣ ಡಬ್ಬಿಯಲ್ಲಿ ಸಿಗುತ್ತವೆ. ಎರಡು ಲೀಟರಿನ ತಂಪುಪಾನೀಯದ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿದು ತಲೆಕೆಳಗಾಗಿ ನಿಲ್ಲಿಸಿ. ಒಂದು ಲೀಟರ್ ನೀರು, 25 ಗ್ರಾಂ ಕಲ್ಲುಪ್ಪು, ಒಂದು ಚಿಟಿಕೆ ಅಡುಗೆ ಸೋಡಾ, ಅರ್ಧ ಟೀ ಚಮಚ ಆರ್ಟೀಮಿಯಾ ಮೊಟ್ಟೆ. ಏರ್ ಪಂಪಿನ ಕೊಳವೆ ಬಾಟಲಿಯ ಕತ್ತಿನವರೆಗೆ ಇಳಿದು, ಮೊಟ್ಟೆಗಳು ತಳದಲ್ಲಿ ಕೂರದಂತೆ ಜೋರಾಗಿ ಗುಳ್ಳೆ ಎಬ್ಬಿಸಬೇಕು. ನೀರು 28 ಡಿಗ್ರಿ ಇದ್ದು ಮೇಲೊಂದು ಬಲ್ಬು ಉರಿಯುತ್ತಿದ್ದರೆ 24 ಗಂಟೆಯಲ್ಲಿ ಒಡೆಯುತ್ತವೆ, ತಣ್ಣಗಿದ್ದರೆ 36 ಗಂಟೆಯೂ ಹಿಡಿಯಬಹುದು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಹುಳುಗಳು ಬೆಳಕಿದ್ದ ಕಡೆ ಕೆಳಗೆ ಗುಂಪುಗೂಡುತ್ತವೆ. ಸಣ್ಣ ಕೊಳವೆಯಿಂದ ಎಳೆದು, ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ಒಡೆದ ದಿನವೇ ತಿನ್ನಿಸಿ. ತಡವಾದಷ್ಟೂ ಅವು ತಮ್ಮ ಒಡಲಿನ ಹಳದಿಯನ್ನೇ ಕರಗಿಸಿಕೊಂಡು ಸತ್ವ ಕಳೆದುಕೊಳ್ಳುತ್ತವೆ.

ಇನ್ನು ನೀರು. ಮೈಸೂರಿನ ನಲ್ಲಿಯ ಕಾವೇರಿ ನೀರಾದರೆ ಕ್ಲೋರಿನ್ ಒಂದೇ ತಾಪತ್ರಯ: ಬಕೆಟ್ಟಿನಲ್ಲಿ ಹಿಡಿದು, ಗಾಳಿ ಬಿಟ್ಟು, ಒಂದು ದಿನ ಇಡಿ. ಹೊರವಲಯದ ಬಡಾವಣೆಗಳ ಬೋರ್ ನೀರು ತುಂಬ ಗಡಸು. ಅರ್ಧಕ್ಕರ್ಧ ಆರ್‌ಒ ನೀರು ಬೆರೆಸಿಕೊಳ್ಳಿ. ಪಿಎಚ್ 6.5ರಿಂದ 7.5ರೊಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ತೊಟ್ಟಿಯಲ್ಲಿ ಐದಾರು ಇಂಚು ಮಾತ್ರ ನೀರು ನಿಲ್ಲಿಸಿ. ಮೊಟ್ಟೆ ತಳಕ್ಕೆ ಬಿದ್ದರೆ ಗಂಡು ಮತ್ತೆ ಮತ್ತೆ ಇಳಿದು ಹೆಕ್ಕಬೇಕು, ಆಳ ಹೆಚ್ಚಿದಷ್ಟೂ ಅದು ದಣಿಯುತ್ತದೆ. ಕಲ್ಲು, ಮರಳು ಬೇಡ, ಬಿದ್ದ ಮೊಟ್ಟೆ ಸಂದಿಯಲ್ಲಿ ಕಳೆದುಹೋಗುತ್ತದೆ. ಫಿಲ್ಟರ್ ಸದ್ಯಕ್ಕೆ ನಿಲ್ಲಿಸಿ. ನೀರು ಅಲುಗಿದರೆ ನೊರೆಗೂಡು ಒಡೆಯುತ್ತದೆ. ರಸ್ತೆಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿದ, ಕೆಂಪಾಗಿ ಒಣಗಿದ ಒಂದೆರಡು ಎಲೆ ತೊಳೆದು ತೇಲಿಬಿಡಿ. ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಬೂಷ್ಟು ಕಡಿಮೆಯಾಗುತ್ತದೆ, ಗಂಡು ಎಲೆಯಡಿಯೇ ಗೂಡು ಕಟ್ಟುತ್ತದೆ. ಹೀಟರಿನಿಂದ ನೀರನ್ನು 27-28 ಡಿಗ್ರಿಯಲ್ಲಿಡಿ. ಡಿಸೆಂಬರ್, ಜನವರಿಯ ರಾತ್ರಿ ನಮ್ಮೂರಿನ ಚಳಿ 16-17 ಡಿಗ್ರಿಗೆ ಇಳಿಯುತ್ತದೆ, ಆಗ ಮೊದಲ ಪ್ರಯತ್ನ ಮಾಡಬೇಡಿ. ಹೀಟರ್ ಕೊಳ್ಳುವ ಮನಸ್ಸಿಲ್ಲದಿದ್ದರೆ ಯುಗಾದಿ ಆಸುಪಾಸಿನ ತಿಂಗಳುಗಳೇ ಸರಿ.

ಗಂಡು ಹೆಣ್ಣು ಎರಡಕ್ಕೂ ಬೇರೆ ಬೇರೆ ಜಾಡಿಯಲ್ಲಿ ಒಂದು ವಾರ, ಹತ್ತು ದಿನ ಜೀವಂತ ಆಹಾರ ಕೊಡಿ. ಸೊಳ್ಳೆ ಮರಿಗಿಂತ ಒಳ್ಳೆಯದಿಲ್ಲ. ಆದರೆ ಬಕೆಟ್ಟಿಗೆ ಬಲೆ ಕಟ್ಟಿ, ಉಳಿದದ್ದನ್ನು ಒಣ ನೆಲಕ್ಕೆ ಚೆಲ್ಲಿ, ಇಲ್ಲದಿದ್ದರೆ ಡೆಂಗಿ ಸಮೀಕ್ಷೆಯವರು ನಿಮ್ಮ ಮನೆಗೇ ಮೊದಲು ಬರುತ್ತಾರೆ. ಹೆಣ್ಣಿನ ಹೊಟ್ಟೆ ಉಬ್ಬಿ, ಮೈಮೇಲೆ ಅಡ್ಡಡ್ಡ ಅಲ್ಲದೆ ಮೇಲಿಂದ ಕೆಳಕ್ಕೆ ಪಟ್ಟೆ ಮೂಡಿ, ಹೊಟ್ಟೆಯಡಿ ಬಿಳಿ ಚುಕ್ಕೆ ಕಂಡರೆ ಸಿದ್ಧವಾಗಿದೆ. ಗಂಡನ್ನು ತೊಟ್ಟಿಗೆ ಬಿಡಿ. ತಳ, ತಲೆ ಎರಡೂ ಕತ್ತರಿಸಿದ ಬಾಟಲಿಯನ್ನು ನಡುವೆ ನಿಲ್ಲಿಸಿ, ಹೆಣ್ಣನ್ನು ಅದರೊಳಗೆ ಬಿಡಿ. ಒಂದು ದಿನ ಪರಸ್ಪರ ನೋಡಲಿ. ಗೂಡು ಅಂಗೈ ಅರ್ಧದಷ್ಟಾದ ಮೇಲೆ ಸಂಜೆ ಬಾಟಲಿ ಎತ್ತಿ. ಅಟ್ಟಾಡಿಸಿ ಕಚ್ಚುವುದು ಮಾಮೂಲು, ಎರಡು ರೆಕ್ಕೆ ಹರಿದರೆ ಹೆದರಬೇಡಿ. ಹೆಣ್ಣು ಮೂಲೆಯಲ್ಲಿ ಬಣ್ಣಗೆಟ್ಟು ಬಿದ್ದರೆ ಮಾತ್ರ ತೆಗೆದು, ವಾರದ ಮೇಲೆ ನೋಡಿ. ಹೆಣ್ಣು ಅಡಗಲು ಒಂದು ಗೊಂಚಲು ಗಿಡ ಇರಲೇಬೇಕು.

ಸಾಮಾನ್ಯವಾಗಿ ಮಾರನೆಯ ಬೆಳಿಗ್ಗೆ ಕೂಡುತ್ತವೆ. ಗಂಡು ಹೆಣ್ಣನ್ನು ಬಳಸಿ ಹಿಡಿದಾಗಲೆಲ್ಲ ಗಸಗಸೆಯಂಥ ಬಿಳಿ ಮೊಟ್ಟೆ ಉದುರುತ್ತವೆ, ಗಂಡು ಬಾಯಲ್ಲಿ ಹೆಕ್ಕಿ ನೊರೆಗೆ ಅಂಟಿಸುತ್ತದೆ. ಕೆಲವು ಗಂಟೆ ಹೀಗೇ ನಡೆದು, ಆಮೇಲೆ ಗಂಡು ಹೆಣ್ಣನ್ನು ಓಡಿಸತೊಡಗಿದರೆ ಮುಗಿಯಿತು ಎಂದರ್ಥ. ಹೆಣ್ಣನ್ನು ಗೂಡು ಅಲುಗದಂತೆ ತೆಗೆಯಿರಿ, ಬಿಟ್ಟರೆ ಒಂದೋ ಮೊಟ್ಟೆ ತಿನ್ನುತ್ತದೆ ಇಲ್ಲವೇ ಪೆಟ್ಟು ತಿನ್ನುತ್ತದೆ. ತೊಟ್ಟಿಯ ಮೂರು ಬದಿಗೆ ಪೇಪರ್ ಅಂಟಿಸಿ. ಮಕ್ಕಳು ಬಂದು ಬಂದು ಇಣುಕಿದರೆ ಎಳೆಯ ಗಂಡು ಗಾಬರಿಯಾಗಿ ಮೊಟ್ಟೆಯನ್ನೆಲ್ಲ ನುಂಗಿಬಿಡುತ್ತದೆ. ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ, ಬಿದ್ದದ್ದು ಅದಕ್ಕೆ ಕಾಣಬೇಕು.

ಒಂದೂವರೆ ದಿನದಲ್ಲಿ ಮೊಟ್ಟೆ ಒಡೆದು ಮರಿಗಳು ಬಾಲ ಕೆಳಗೆ ಮಾಡಿ ನೊರೆಗೆ ಜೋತುಬೀಳುತ್ತವೆ. ಆಗ ಊಟ ಬೇಡ, ಒಡಲಲ್ಲೇ ಹಳದಿ ಇರುತ್ತದೆ. ಇನ್ನೆರಡು ಮೂರು ದಿನಕ್ಕೆ ಅಡ್ಡಕ್ಕೆ ಈಜತೊಡಗಿದ ಕೂಡಲೇ ಗಂಡನ್ನು ತೆಗೆಯಿರಿ, ಅವತ್ತಿನಿಂದಲೇ ಊಟ ಶುರು. ದಿನಕ್ಕೆ ಮೂರು ಬಾರಿ ಜಾಡಿಯ ನೀರು ಅರ್ಧ ಲೋಟ. ನಾಲ್ಕನೇ ದಿನದಿಂದ ಆರ್ಟೀಮಿಯಾ ಬೆರೆಸಿ. ಭೂತಗನ್ನಡಿಯಲ್ಲಿ ನೋಡಿದರೆ ತಿಂದ ಮರಿಯ ಹೊಟ್ಟೆ ಕಿತ್ತಳೆಯಾಗಿರುತ್ತದೆ. ಆರ್ಟೀಮಿಯಾ ಸಿಹಿನೀರಲ್ಲಿ ಕೆಲವು ಗಂಟೆ ಮಾತ್ರ ಬದುಕುತ್ತದೆ. ಪ್ರೀತಿ ಹೆಚ್ಚಾಗಿ ಸುರಿದರೆ ತಳದಲ್ಲಿ ಕೊಳೆತು, ಬೆಳಗಾಗುವಷ್ಟರಲ್ಲಿ ಮರಿಗಳೆಲ್ಲ ಅದರ ಮೇಲೆ ಬಿದ್ದಿರುತ್ತವೆ.

ಗಂಡನ್ನು ತೆಗೆದ ಮೇಲೆ ಸ್ಪಾಂಜ್ ಫಿಲ್ಟರನ್ನು ಗುಳ್ಳೆ ಎಣಿಸುವಷ್ಟು ನಿಧಾನವಾಗಿ ಬಿಡಿ. ಮೊದಲ ವಾರ ತಳದ ಕಸವನ್ನು ಮಾತ್ರ ಏರ್ ಪಂಪಿನ ಸಣ್ಣ ಕೊಳವೆಯಿಂದ ಎಳೆಯಿರಿ. ಎಳೆದ ನೀರನ್ನು ಬಿಳಿ ಬಟ್ಟಲಲ್ಲಿ ಹಿಡಿಯಿರಿ, ಜೊತೆಗೆ ಬಂದ ಮರಿಗಳನ್ನು ವಾಪಸು ಬಿಡಬಹುದು. ಎರಡನೇ ವಾರದಿಂದ ದಿನಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿ, ಹೊಸ ನೀರು ಅದೇ ಬಿಸಿಯಲ್ಲಿರಲಿ, ಹನಿಹನಿಯಾಗಿ ಇಳಿಯಲಿ.

ಮೂರು ನಾಲ್ಕನೇ ವಾರ ಮತ್ತೊಂದು ಗಂಡಾಂತರ. ಫೈಟರ್ ಮೀನಿಗೆ ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಉಸಿರಾಡುವ ಅಂಗವೊಂದು ಬೆಳೆಯುವುದು ಈ ಹೊತ್ತಿನಲ್ಲೇ. ಮೇಲೆ ಬಂದು ತಣ್ಣನೆಯ ಗಾಳಿ ಗುಟುಕರಿಸಿದರೆ ಸಾಯುತ್ತವೆ. ತೊಟ್ಟಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಳಗಿನ ಗಾಳಿಯೂ ಬೆಚ್ಚಗೆ ತೇವವಾಗಿರಲಿ. ಕರೆಂಟು ಹೋದರೆ ತೊಟ್ಟಿಯ ಸುತ್ತ ಥರ್ಮೋಕೋಲ್ ಹಲಗೆ ನಿಲ್ಲಿಸಿ ಕಂಬಳಿ ಹೊದಿಸಿ. ಮೈಮೇಲೆ ಚಿನ್ನದ ಪುಡಿ ಉದುರಿಸಿದಂತೆ ಕಂಡು, ರೆಕ್ಕೆ ಮಡಚಿಕೊಂಡು ಮಂಕಾದರೆ ವೆಲ್ವೆಟ್ ರೋಗ. ನೀರು ಕೆಟ್ಟು ತಣ್ಣಗಾದಲ್ಲಿ ಬೇಗ ಹರಡುತ್ತದೆ, ಎಳೆ ಮರಿಗೆ ಬಂದರೆ ಉಳಿಸುವುದು ಕಷ್ಟ.

ಎರಡು ತಿಂಗಳ ಹೊತ್ತಿಗೆ ಗಂಡುಗಳು ಕಾದಾಡತೊಡಗುತ್ತವೆ. ಒಂದೊಂದಕ್ಕೂ ಒಂದೂವರೆ ಎರಡು ಲೀಟರಿನ ಬೇರೆ ಜಾಡಿ ಬೇಕು. ನೂರು ಮರಿ ಉಳಿದರೆ ಐವತ್ತರ ಆಸುಪಾಸು ಜಾಡಿ, ಎರಡು ಮೂರು ದಿನಕ್ಕೊಮ್ಮೆ ಅಷ್ಟಕ್ಕೂ ನೀರು ಬದಲಿಸುವ ಕೆಲಸ. ಹೆಣ್ಣುಗಳು ಒಂದೇ ತೊಟ್ಟಿಯಲ್ಲಿ ಹೊಂದಿಕೊಂಡಾವು. ಬಾಟಲಿ ಎತ್ತುವ ಮೊದಲೇ ಮನೆಯವರ ಜೊತೆ ಕೂತು ಈ ಜಾಡಿಗಳು ಯಾವ ಅಟ್ಟದ ಮೇಲೆ ನಿಲ್ಲುತ್ತವೆ ಎಂದು ಮಾತಾಡಿಕೊಳ್ಳಿ, ಹತ್ತಿರದ ಅಂಗಡಿಯವರು ಎಷ್ಟು ಮರಿ ತೆಗೆದುಕೊಳ್ಳುತ್ತಾರೆ ಎಂದೂ ಕೇಳಿಟ್ಟುಕೊಳ್ಳಿ. ಮಿಕ್ಕವನ್ನು ಕುಕ್ಕರಹಳ್ಳಿ ಕೆರೆಗೋ ವಿಸಿ ನಾಲೆಗೋ ಬಿಡುವ ಯೋಚನೆ ಬೇಡ, ಅವು ಅಲ್ಲಿಯ ಮೀನುಗಳಲ್ಲ.